ಕರಿಯಪ್ಪನ ಎರಡಕ್ಕಾರು ಸೇತುವೆ

"ಕನ್ನಂಬಾಡಿ ಕಟ್ಟೆ ಕಟ್ಟಿದೋರೂ ಮನುಷ್ಯರೇ, ನಾನೂ ಮನುಷ್ಯನೇ! ಎಂಟಡಿ ಕಾಲುವೆಗೆ ಒಂದು ಮರದ ಸೇತ್ವೆ ಕಟ್ಟಕ್ಕಾಗಲ್ವಾ?"

ಬಾಬುರಾಯನಕೊಪ್ಪಲಿನ ಕರಿಯಪ್ಪ ಹೀಗೆ ಗುಡುಗಿದ್ದು ಭಾಮೈದ ರವೀಂದ್ರನ ಮುಂದೆ. ಕಾಲುವೆಯ ಈಚೆ ಮನೆ, ಆಚೆ ಡೇರಿ. ಹೆಂಡತಿ ಪುಟ್ಟತಾಯಮ್ಮ ದಿನಾ ಹಾಲಿನ ಕ್ಯಾನು ಹೊತ್ತು ಅರ್ಧ ಮೈಲಿ ಸುತ್ತಬೇಕು. "ಸಿಮೆಂಟು ಚಪ್ಪಡಿ ಹಾಕುಸ್ತೀನಿ ಬುಡು ಬಾವ" ಅಂದಿದ್ದೇ ರವೀಂದ್ರ ಮಾಡಿದ ತಪ್ಪು.

"ಮರದ್ದೇ ಹಾಕ್ತೀನಿ! ಎಮ್ಮೆ ಹತ್ತುಸ್ತೀನಿ! ಬಗ್ಗಿದ್ರೆ ಮಾರನೇ ದಿನದಿಂದ ಹಾಲಿನ ಕ್ಯಾನು ನಾನೇ ಹೊರ್ತೀನಿ ಕಣ್ಲಾ!"

"ಸಾಕ್ಷಿಗೆ ನಾನಿವ್ನಿ" ಅಂತ ಒಳಗಿಂದ ಪುಟ್ಟತಾಯಮ್ಮನ ದನಿ ಬಂತು.

ಪಾಂಡವಪುರದ ಸಾಮಿಲ್ಲಿನಲ್ಲಿ ಕರಿಯಪ್ಪ ಎದೆಯುಬ್ಬಿಸಿ ನಿಂತ. "ಸಾಬ್ರೆ, ನಿಮ್ಮತ್ರ ಇರೋದ್ರಲ್ಲೇ ದಪ್ಪನೆ ತೊಲೆ ಕೊಡಿ!"

ಮಿಲ್ಲಿನ ಇಮಾಮ್ ಸಾಬರು ನಕ್ಕರು. "ಅರೆ ಗೌಡ್ರೆ, ಮೇಲೆ ರೈಲು ಬುಡ್ತೀರಾ? ಎರಡಿಂಚು ದಪ್ಪ, ಆರಿಂಚು ಅಗಲ, ಎರಡಕ್ಕಾರು ಸಾಕು. ಹತ್ತಡಿದು ಎರಡು ತಗೊಳ್ಳಿ, ಮೇಲೆ ಹಲಗೆ ಹೊಡೀರಿ. ಒಂದೇ ಮಾತು, ತೊಲೇನ ಮಲಗಿಸ್ಬ್ಯಾಡಿ, ನಿಲ್ಸಿ!"

"ಗೊತ್ತು ಬುಡಿ!" ಅಂದ ಕರಿಯಪ್ಪ. ಏನೂ ಗೊತ್ತಿರಲಿಲ್ಲ.

ಮನೆಗೆ ತಂದವನೇ ತೊಲೆಗಳನ್ನು ಕೊಟ್ಟಿಗೆ ಗೋಡೆಗೆ ಒರಗಿಸಿ ನಿಲ್ಲಿಸಿದ. ಮೂರು ದಿನ ಅವು ಪಹರೆ ಕಾಯುವ ಪೊಲೀಸರ ಹಾಗೆ ನಿಂತವು. ಪುಟ್ಟತಾಯಮ್ಮ ಕಸ ಗುಡಿಸಲು ಒಂಚೂರು ಸರಿಸಿದರೂ ಸಾಕು, "ಮಲಗಿಸ್ಬ್ಯಾಡ ಕಣಮ್ಮಿ! ಸಾಬ್ರು ಯೋಳವ್ರೆ!"

ನಾಲ್ಕನೇ ದಿನ ತೊಲೆಗಳನ್ನು ಕಾಲುವೆಗೆ ಅಡ್ಡವಾಗಿ, ಚಾಪೆ ಹಾಸಿದಂತೆ ಅಗಲ ಮೇಲೆ ಮಾಡಿ ಹಾಸಿದ. ಹಲಗೆ ಹೊಡೆದ. 'ಕರಿಯಪ್ಪ ಸೇತುವೆ' ಅಂತ ಬಣ್ಣದಲ್ಲಿ ಬರೆದ. ಹಗ್ಗ ಕೈಗೆ ಸುತ್ತಿಕೊಂಡು, ದಂಡಯಾತ್ರೆ ಹೊರಟ ಮಹಾರಾಜನಂತೆ ಎಮ್ಮೆ ಸಮೇತ ಹೆಜ್ಜೆ ಇಟ್ಟ.

ನಡುಮಧ್ಯಕ್ಕೆ ಬಂದದ್ದೇ ತಡ, ಕಿರ್‍ರ್! ಸೇತುವೆ ತೊಟ್ಟಿಲಿನಂತೆ ಬಗ್ಗಿತು. ಬೆದರಿದ ಎಮ್ಮೆ ಕಾಲುವೆಗೆ ಹಾರಿತು. ಹಗ್ಗ ಕೈಯಲ್ಲೇ ಇತ್ತಲ್ಲ, ಕರಿಯಪ್ಪನೂ ಹಾರಿದ! ಎಮ್ಮೆ ನೀರಲ್ಲಿ ಮಲಗಿ ಸುಖವಾಗಿ ಕಣ್ಣು ಮುಚ್ಚಿಕೊಂಡಿತು. ಕರಿಯಪ್ಪ ಮಾತ್ರ ದಡದಲ್ಲಿ ನೆರೆದಿದ್ದ ಊರವರ ನಗುವಿನ ನಡುವೆ ನೀರು ಉಗುಳುತ್ತಾ ಮೇಲೆದ್ದ.

"ಸಾಬ್ರು ಮೋಸ ಮಾಡ್ಬುಟ್ರು! ನಿಲ್ಸಿ ಅಂದ್ರು, ಮೂರು ದಿನ ನಿಲ್ಸಿದ್ನಲ್ಲ!"

"ಗೋಡೆಗಲ್ಲ, ಕಾಲುವೆ ಮೇಲೆ ನಿಲ್ಸಿ ಅಂದವ್ರೆ!" ಅಂದಳು ಪುಟ್ಟತಾಯಮ್ಮ.

"ಕಾಲುವೆ ಮೇಲೆ ನಿಲ್ಸಿದ್ರೆ ಸೇತ್ವೆ ಅಲ್ಲ, ಗರುಡಗಂಬ ಆಯ್ತದೆ!"

ಅವಳು ಒಂದು ಬಿದಿರ ದಬ್ಬೆ ತಂದಳು. ಎರಡು ಇಟ್ಟಿಗೆ ಮೇಲೆ ಅಗಲವಾಗಿಟ್ಟು ಅಮುಕಿದಳು, ಬಗ್ಗಿತು. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಅಮುಕಿದಳು, ಜಪ್ಪಯ್ಯ ಅಂದರೂ ಬಗ್ಗಲಿಲ್ಲ. "ಇಂಗೆ ನಿಲ್ಸೋದು. ತಿಳೀತಾ?"

ಕರಿಯಪ್ಪ ಹಲಗೆ ಕಿತ್ತ. ತೊಲೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಹೊರಳದಂತೆ ನಡುವೆ ಅಡ್ಡಪಟ್ಟಿ ಹೊಡೆದು, ಮತ್ತೆ ಹಲಗೆ ಹಾಕಿದ. ಎಮ್ಮೆ ದಾಟಿತು. ಕರು ದಾಟಿತು. ನಕ್ಕಿದ್ದ ಊರವರೆಲ್ಲ ದಾಟಿದರು. ಸೇತುವೆ ಒಂದು ಕೂದಲೆಳೆಯಷ್ಟಾದರೂ ಬಗ್ಗಬೇಕಲ್ಲ! "ಎಂಗೈತ್ಲಾ ನಮ್ ಸೇತ್ವೆ?" ಅಂತ ಕರಿಯಪ್ಪ ಮೀಸೆ ತಿರುವಿದ.

"ಸೇತ್ವೆ ಗೆಲ್ತು, ಸಂತೋಸ" ಅಂದಳು ಪುಟ್ಟತಾಯಮ್ಮ, ಖಾಲಿ ಕ್ಯಾನನ್ನು ಅವನ ಹೆಗಲಿಗೇರಿಸುತ್ತಾ. "ಆದ್ರೆ ಮೊದ್ಲು ಬಗ್ತಲ್ಲ, ಆ ಮಾತು?"

ಮಾರನೇ ಬೆಳಗ್ಗೆ, ಕ್ಯಾನಿನ ಭಾರಕ್ಕೆ ಕುಗ್ಗಿ ತನ್ನದೇ ಸೇತುವೆ ದಾಟುತ್ತಿದ್ದ ಕರಿಯಪ್ಪನನ್ನು ಕಂಡು ರವೀಂದ್ರ ಕೂಗಿದ, "ಏನ್ ಬಾವ, ಸೇತ್ವೆ ನಿಂತದೆ, ನೀನೇ ಬಗ್ಗಿದ್ದೀಯಲ್ಲ?"

ಹಿಂದೆ ಕೈಬೀಸಿಕೊಂಡು ಬರುತ್ತಿದ್ದ ಪುಟ್ಟತಾಯಮ್ಮ ಅಂದಳು:

"ಅದ್ನ ನಿಲ್ಸಿದ್ದೂ ನಾನೇ ಕಣ್ಲಾ, ಇವ್ರನ್ನ ಬಗ್ಸಿದ್ದೂ ನಾನೇ!"