ಬಿಲ್ವದ ಕಾಯಿಯೂ ನನ್ನ ಕರುಳೂ

ನನ್ನ ಕರುಳು ಕೆಟ್ಟಾಗಿನಿಂದ ನಮ್ಮ ಮನೆಯಲ್ಲಿ ನಗುವಿಗೆ ಬರವಿಲ್ಲ. ವಾರಕ್ಕೊಂದು ಫಜೀತಿ ತಾನಾಗಿ ನಡೆದು ಬರುತ್ತದೆ. ಚಳ್ಳಕೆರೆಯಿಂದ ತಳಕಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಓಡಾಡುವ ಲೆಕ್ಕದ ಮೇಷ್ಟ್ರು ನಾನು. ಕರುಳಿನಲ್ಲಿ ಉರಿಯೂತ, ಹುಣ್ಣು ಎಂದರು ಡಾಕ್ಟರು. ಕಕ್ಕಸಿಗೆ ಅವಸರ ಬಂತೆಂದರೆ ಬಂತು, ತಡೆಯುವ ಮಾತೇ ಇಲ್ಲ. ಆಗ ಮಗಳ ಮದುವೆಗೆ ಎರಡೇ ತಿಂಗಳು. ಮಂಟಪದಲ್ಲಿ ಒಂದು ಗಂಟೆ ಕದಲದೆ ಕೂರಬಲ್ಲೆನಾ ಎಂಬುದೇ ನನ್ನ ಭಯ.

ಅವ್ವನ ಚಿಕಿತ್ಸೆ

ದೊಡ್ಡಉಳ್ಳಾರ್ತಿಯ ಗೆಳೆಯ ನಾಲ್ಕು ಬಿಲ್ವದ ಕಾಯಿ ಕಳಿಸಿ, "ಲೇ, ಇದ್ರ ತಿರುಳು ತಿನ್ನು, ಹೊಟ್ಟೆ ನಿಲ್ತೈತೆ" ಎಂದು ಫೋನ್ ಮಾಡಿದ. ಪುಣ್ಯಾತ್ಮ. ಸಂಜೆ ಮನೆಗೆ ಬಂದರೆ ಕಾಯಿಗಳು ವಿಭೂತಿ ಹಚ್ಚಿಸಿಕೊಂಡು ದೇವರ ಜಗಲಿಯ ಮೇಲೆ ಕೂತಿವೆ.

"ಅವ್ವಾ, ಅದು ನನ್ನ ಔಷಧಿ!"

"ಶಿವನ ಮರದ್ದು ಕಣಪ್ಪಾ, ತಿಂತಾರಾ? ದಿನಾ ಪೂಜೆ ಮಾಡ್ತೀನಿ, ಗುಣ ಆಗ್ತೈತೆ."

ವಾರ ಕಳೆಯಿತು. "ಅವ್ವಾ, ಗುಣ ಆಗಲಿಲ್ಲ" ಎಂದೆ.

"ನೀನು ಒಂದಿನನಾದ್ರೂ ಅದಕ್ಕೆ ಕೈ ಮುಗಿದ್ಯಾ?"

ಡಾಕ್ಟರ ಕೋಣೆ

ಒಂದನ್ನು ಕದ್ದು ಡಾಕ್ಟರ ಬಳಿ ಒಯ್ದೆ. "ಮಾತ್ರೆ ಮಾತ್ರ ಬಿಡೋ ಹಾಗಿಲ್ಲ. ಜೊತೆಗೆ ಸ್ವಲ್ಪ ತಿಂದು ನೋಡಿ" ಎಂದ ಆ ಒಳ್ಳೆಯ ಮನುಷ್ಯನಿಗೆ ಕಾಯಿಯ ಒಳಗೆ ಹೇಗಿದೆ ನೋಡುವ ಆಸೆಯಾಯಿತು. ನೆಲಕ್ಕೆ ಕುಟ್ಟಿದರು. ಕಲ್ಲಿನಂಥ ಚಿಪ್ಪು, ಜಪ್ಪಯ್ಯ ಅನ್ನಲಿಲ್ಲ.

"ಇನ್ನೂ ಜೋರಾಗಿ ಹೊಡೀರಿ ಸಾರ್!" ಎಂದೆ. ಢಬ್! "ಇನ್ನೊಂದೇಟು!" ಢಬ್! "ಹಾ, ಬಿರುಕು ಬಿಡ್ತು!"

ಹೊರಗೆ ಬಂದರೆ ಬೆಂಚಿನ ತುಂಬ ಇದ್ದ ರೋಗಿಗಳೆಲ್ಲ ಮಾಯ. ಉಳಿದಿದ್ದ ಅಜ್ಜನೊಬ್ಬ ಎದ್ದು ಕೈ ಮುಗಿದ. "ನಂದು ಬರೀ ಕೆಮ್ಮು ಸ್ವಾಮೀ!"

ಮಂಟಪ

ಮಾತ್ರೆಗೋ, ಕಾಯಿಗೋ, ಅವ್ವನ ಪೂಜೆಗೋ, ಅಂತೂ ಹೊಟ್ಟೆ ಹತೋಟಿಗೆ ಬಂತು. ಕೊಂಡ್ಲಹಳ್ಳಿಯ ಬೀಗರಿಗೆ ಮಾತ್ರ ಧೈರ್ಯ ಬಂದಿರಲಿಲ್ಲ. ತಮ್ಮ ಮನೆ ಮುಂದಿನ ಚಪ್ಪರದಲ್ಲೇ ಮದುವೆ. ಮಂಟಪದಿಂದ ಕಕ್ಕಸಿನವರೆಗೆ ಕುರ್ಚಿ ಸರಿಸಿ ದಾರಿ ಮಾಡಿಸಿದ್ದರು, ಬಂದವರಿಗೆಲ್ಲ ವಿಷಯವನ್ನೂ ತಿಳಿಸಿದ್ದರು. "ನೀವೇನೂ ಸಂಕೋಚ ಪಡಬ್ಯಾಡ್ರಿ ಬೀಗರೇ, ಎದ್ದು ಬಿಡ್ರಿ, ಉಳಿದದ್ದು ನಮಗೆ ಬಿಡ್ರಿ" ಎಂದರು. ಇಂಥ ಸಂಬಂಧ ಸಿಕ್ಕಿತಲ್ಲ ಎಂದು ನನ್ನ ಕಣ್ಣು ತುಂಬಿತು.

ಒಂದು ಗಂಟೆ ಕಲ್ಲಿನಂತೆ ಕೂತೆ. ಗೆದ್ದೆ! ಮುಹೂರ್ತಕ್ಕೆ ಧಾರೆಯ ಹಾಲಿನ ತಂಬಿಗೆ ಹಿಡಿದು ಎದ್ದೆ, ಅಷ್ಟೇ.

"ಎದ್ರು! ದಾರಿ ಬಿಡ್ರೀ!" ಬೀಗರು ಕೂಗಿದರು. ವಾಲಗ ನಿಂತಿತು. ಇಡೀ ಚಪ್ಪರವೇ ಎದ್ದು ಎರಡು ಸಾಲಾಗಿ ನಿಂತಿತು. ಯಾರೋ ಓಡಿಹೋಗಿ ಕಕ್ಕಸಿನ ಬಾಗಿಲು ತೆರೆದು ಹಿಡಿದರು. ನನ್ನ ಮುಂದೆ ಕೈಯೊಡ್ಡಿ ಕೂತಿದ್ದ ಮದುಮಗನೂ ಗಡಬಡಿಸಿ ಎದ್ದು ಪಕ್ಕಕ್ಕೆ ಸರಿದ.

"ಕೂತ್ಕೊಳ್ಳಪ್ಪಾ ಅಳಿಯ," ಎಂದೆ, "ನಾನು ಎದ್ದಿದ್ದು ನಿನಗೆ ಮಗಳನ್ನ ಕೊಡೋಕೆ!"