ಖಾಯಂ ಊರಿಗೆ ಹೊರಟವನ ಕುರ್ಚಿ

ನನಗೆ ಟೋಪಿ ಹಾಕುವ ಮೊಬೈಲ್ ಕಂಪನಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ನಾನು ಇದನ್ನು ಹೇಳಿದಾಗಲೆಲ್ಲ ನನ್ನ ಹೆಂಡತಿ, ನರ್ಸ್ ಹಿಲ್ಡಾ, ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ಫೋನ್ ಪುಕ್ಕಟೆ ಸಿಗುತ್ತದೆಂದು ಎರಡು ವರ್ಷದ ಕಾಂಟ್ರಾಕ್ಟಿಗೆ ರುಜು ಹಾಕಿದ್ದೆ. ವರ್ಷ ತುಂಬುವ ಮೊದಲೇ ಬಹ್ರೈನಿಗೆ ಇನ್ನೊಂದು ಕಂಪನಿ ಬಂದು, ಊರಿಗೆ ಅರ್ಧ ದರದಲ್ಲಿ ಮಾತಾಡಿ ಎಂದು ಕರೆಯತೊಡಗಿತು. ಹಳೆಯದನ್ನು ಬಿಡೋಣವೆಂದು ಸೀಫ್ ಬಡಾವಣೆಯಲ್ಲಿದ್ದ ಅವರ ಆಫೀಸಿಗೆ ಹೋದರೆ ಕೌಂಟರಿನ ಹುಡುಗಿ ನಗುನಗುತ್ತಲೇ, "ಮಧ್ಯದಲ್ಲಿ ಬಿಟ್ಟರೆ ದಂಡ ಕಟ್ಟಬೇಕು ಸರ್. ದೇಶ ಬಿಟ್ಟು ಖಾಯಂ ಆಗಿ ಹೋಗುವವರಿಗೆ ಮಾತ್ರ ಮಾಫಿ" ಎಂದಳು.

ಅಷ್ಟೇ ತಾನೆ? ರಜೆಗೆ ಮಂಗಳೂರಿಗೆ ಹೋಗುವ ಟಿಕೇಟು ಮನೆಯಲ್ಲೇ ಇತ್ತು. ವಾಪಸು ಬರುವ ಹಾಳೆಯನ್ನು ದಿಂಬಿನಡಿ ಇಟ್ಟು, ಹೋಗುವ ಹಾಳೆಯನ್ನಷ್ಟೇ ಹಿಡಿದು ಮರುದಿನ ಹೋದೆ. (ಇಂಥ ಸೂಕ್ಷ್ಮಬುದ್ಧಿ ಎಲ್ಲರಿಗೂ ಇರುವುದಿಲ್ಲ.) "ಬಹ್ರೈನಿನ ಋಣ ತೀರಿತು" ಎಂದು ಕಣ್ಣೊರೆಸಿಕೊಂಡೆ ಕೂಡ. ಹುಡುಗಿ ಮರುಗಿ ಲೈನ್ ಕಡಿದಳು, ದಂಡ ಮಾಫಿ ಮಾಡಿದಳು. ನನ್ನ ಹಿಂದೆಯೇ ಬಿಲ್ಲು ಕಟ್ಟಲು ನಮ್ಮ ಊರಿನ ಮೌರಿಸ್ ನಿಂತಿದ್ದನ್ನು ನಾನು ನೋಡಲಿಲ್ಲ.

ಇಲ್ಲಿ ವಾರದ ರಜೆಯಾದ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ರಿಫಾದ ನಮ್ಮ ಫ್ಲಾಟಿಗೆ ಬಂದರೆ, ನಮ್ಮ ಬೆನ್ನಿಗೇ ಊರಿನವರ ಹಿಂಡು. ಇಲ್ಲಿ ಒಬ್ಬ ಖಾಯಂ ಹೊರಟನೆಂದರೆ ಅವನ ಸಾಮಾನು ಅಗ್ಗದ ದರಕ್ಕೆ ಉಳಿದವರಿಗೆ ಎಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಒಬ್ಬರು ಫ್ರಿಜ್ ತೆರೆದರು, ಇನ್ನೊಬ್ಬರು ಪರದೆಯ ಬಟ್ಟೆ ಮುಟ್ಟಿ ನೋಡಿದರು. ಮೌರಿಸ್ ನೆಟ್ಟಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂತ.

ಆ ಕುರ್ಚಿ ಚರ್ಮದ್ದು. ಹಿಂದಕ್ಕೆ ಒರಗಿದರೆ ಕಾಲಿಗೆ ತಾನಾಗಿಯೇ ಹಲಗೆ ಏಳುತ್ತದೆ. ಇಡೀ ಮನೆಯಲ್ಲಿ ನಾನು ಯಜಮಾನ ಅನ್ನಿಸುವ ಏಕೈಕ ಸಿಂಹಾಸನ. ಹಿಲ್ಡಾಳ ಪ್ರಕಾರ ಅದು ಹಾಲ್‌ನಲ್ಲಿ ಮಲಗಿದ ಎಮ್ಮೆ.

"ಎಂತ ಮಾರಾಯ, ಹೇಳದೆ ಕೇಳದೆ ಹೊರಟದ್ದು?" ಎಂದ ಮೌರಿಸ್. "ಕೌಂಟರಲ್ಲಿ ನೀನು ಕಣ್ಣೊರೆಸಿದ್ದು ನೋಡಿ ನನಗೆ ಊಟವೇ ಸೇರ್ಲಿಲ್ಲ."

ಹಿಲ್ಡಾ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ನಿಜ ಹೇಳಿದರೆ ಎಲ್ಲರೆದುರು ಮಾನ ಹೋಗುತ್ತದೆ, ಹೇಳದಿದ್ದರೆ ಕುರ್ಚಿ. ನಾನು ಕೆಮ್ಮಿದೆ.

"ಅವರಿಗೆ ಹೇಳ್ಲಿಕ್ಕೆ ಸಂಕಟ" ಎಂದಳು ಹಿಲ್ಡಾ ತಣ್ಣಗೆ. "ನನಗೆ ಆಸ್ಪತ್ರೆ ಕೆಲಸ ಉಂಟಲ್ಲ, ನಾನು ಇಲ್ಲೇ ಇರ್ತೇನೆ. ಫ್ರಿಜ್, ಪರದೆ ಎಲ್ಲ ನನಗೆ ಬೇಕು. ಕುರ್ಚಿ ಒಂದು ಅವರದ್ದು. ತಕ್ಕೊಂಡು ಹೋಗಿ ಮೌರಿಸ್."

"ಹಿಲ್ಡಾ, ಅದು ಇರ್ಲಿ ಅಂತ..."

"ಎಂತಕ್ಕೆ? ವಿಮಾನದಲ್ಲಿ ಹಾಕಿ ಕೊಂಡು ಹೋಗ್ತೀರಾ?"

ಮೌರಿಸ್ ಅಲ್ಲೇ ಅವಳ ಕೈಗೆ ದಿನಾರು ಕೊಟ್ಟ. ಭಾರವೆಂದು ಇನ್ನೊಂದು ಬದಿ ಹಿಡಿಯಲು ನನ್ನನ್ನೇ ಕರೆದ. ನನ್ನ ಸಿಂಹಾಸನವನ್ನು ನಾನೇ ಮೆಟ್ಟಿಲಿಳಿಸಿ ಅವನ ಪಿಕಪ್ಪಿಗೆ ಹತ್ತಿಸಿದೆ.

ಎಲ್ಲರೂ ಹೋದ ಮೇಲೆ ಹಿಲ್ಡಾ ಆ ದಿನಾರುಗಳನ್ನು ನನ್ನ ಮುಂದಿಟ್ಟಳು. "ನಾಳೆ ಹೋಗಿ ದಂಡ ಕಟ್ಟಿ ಬನ್ನಿ. ಆಮೇಲೆ ಖಾಯಂ ಊರಿಗೆ ಹೋಗುವುದು ಕ್ಯಾನ್ಸಲ್ ಅಂತ ಎಲ್ಲರಿಗೂ ಹೇಳಿ. ಅದಾದ್ರೂ ಸುಳ್ಳಾಗುವುದಿಲ್ಲ."

ಕಟ್ಟಿದೆ. ಕುರ್ಚಿ ವಾಪಸು ಕೇಳೋಣವೆಂದು ಮೌರಿಸನಿಗೆ ಫೋನ್ ಮಾಡಿದೆ. ನಾನು ಹೋಗುವುದಿಲ್ಲವೆಂದು ಕೇಳಿ ಅವನಿಗೆ ಮನಸಾರೆ ಸಂತೋಷವಾಯಿತು; ಕುರ್ಚಿಯ ಮಾತೆತ್ತಲು ಬಿಡಲೇ ಇಲ್ಲ.

"ಸಂಜೆ ಮನೆಗೆ ಬಾ ಮಾರಾಯ, ಕೂತು ಮಾತಾಡುವ" ಎಂದ.

ಹೋದೆ. ಅವನು ಒರಗಿಕೊಂಡು ಕಾಲು ಚಾಚಿದ್ದ. ನನಗೆ ಒಂದು ಪ್ಲಾಸ್ಟಿಕ್ ಸ್ಟೂಲು ಎಳೆದುಕೊಟ್ಟ.