ಹದಿನೆಂಟು ಮೊಳದ ವಿಶೇಷಾಂಕ

ನನ್ನ ಸೋದರಮಾವನ ಪ್ರಕಾರ ಈ ಜಗತ್ತಿನಲ್ಲಿ ಎರಡೇ ಬಗೆಯ ವಸ್ತುಗಳಿದ್ದವು: ಒಂದು ಸೀರೆ, ಇನ್ನೊಂದು ಇನ್ನೂ ಸೀರೆಯಾಗದೆ ಉಳಿದದ್ದು! ಬೆಟಗೇರಿಯ ನೇಕಾರ ಹೀಗೆ ತಿಳಿದರೆ ತಪ್ಪೇನು ಎಂದು ನೀವು ಕೇಳಬಹುದು. ತಪ್ಪಿಲ್ಲ. ಆದರೆ ತಾಟಿನಲ್ಲಿ ಚಟ್ನಿ ಬಲಗಡೆ ಬಿದ್ದರೆ "ಸೆರಗ ಈ ಕಡೆ ಬಂತಲ್ಲ" ಎಂದು ತಾಟನ್ನೇ ತಿರುಗಿಸಿಕೊಂಡು ಉಣ್ಣುವವನ ಜೊತೆ ನೀವು ಮೂರು ವರ್ಷ ಇದ್ದು ನೋಡಬೇಕು. ನಾನು ಇದ್ದೆ. ಶಿಗ್ಲಿಯಿಂದ ಗದಗಿನ ಹೈಸ್ಕೂಲಿಗೆ ಬಂದವನು ಅವನ ಮನೆಯಲ್ಲೇ ಉಂಡು, ಮಲಗಿ, ಪತ್ರಿಕೆಯ ಪುಟ ಕಟ್ಟುವುದನ್ನೂ ಅವನಿಂದಲೇ ಕಲಿತೆ. ಮಾವನಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ ಎಂಬುದನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ.

ಸ್ವಾತಂತ್ರ್ಯ ಬಂದ ದಿನ ನಾನಿನ್ನೂ ಚಿಕ್ಕವ. ಅವ್ವನ ಜೊತೆ ಬೆಟಗೇರಿಗೆ ಬಂದಿದ್ದೆ. ಓಣಿಯ ಬಾವುಟ ಏರಿತು, ಜನ ಗಂಟಲು ಹರಿಯುವಂತೆ ಜೈಕಾರ ಹಾಕಿದರು. ಮಾವ ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತ ನಿಂತಿದ್ದ.

"ಮೂರೂ ಪಟ್ಟಿ ಸಮ ಅದಾವ. ನೇದಾಂವ ತಿಳದಾಂವ. ಆದ್ರ ಅಂಚ ಮಡಚಿ ಹೊಲದಿಲ್ಲ, ಗಾಳಿಗೆ ಎಳಿ ಬಿಡತೈತಿ!"

ಸಂಜೆ ಬಾವುಟ ಇಳಿಸಿದ್ದೇ ತಡ, ಸೂಜಿ ದಾರ ಹಿಡಿದು ಕುಳಿತ. ಸ್ವತಂತ್ರ ದೇಶದ ಮೊಟ್ಟಮೊದಲ ರಿಪೇರಿ ಮಾಡಿದವರು ನಮ್ಮ ಮನೆಯವರು ಎಂದು ಅತ್ತೆ ಕೊನೆಯವರೆಗೂ ಹೇಳಿಕೊಂಡು ತಿರುಗಿದಳು.

ಇನ್ನು ಪತ್ರಿಕೆಯ ಕಥೆ. ನಮ್ಮ ಶಾಲೆಯಲ್ಲೊಂದು ಕೈಬರಹದ ಮಾಸಪತ್ರಿಕೆ ಇತ್ತು. ತಿಂಗಳಿಗೆ ಒಂದೇ ಪ್ರತಿ! ವಾಚನಾಲಯದ ಮೇಜಿನ ಮೇಲೆ ಒಬ್ಬ ಓದುತ್ತಿದ್ದರೆ ಹತ್ತು ಜನ ಅವನ ಹೆಗಲ ಮೇಲಿಂದ ಕತ್ತು ಚಾಚಿ, "ಜಲ್ದಿ ಹಾಳಿ ಹೊಳ್ಳಸಲೇ" ಎಂದು ಬೈಯುತ್ತಿದ್ದರು. ಅಕ್ಷರ ದುಂಡಗಿವೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಅದರ ಸಂಪಾದಕನನ್ನಾಗಿ ಮಾಡಿದರು. ಸಂಪಾದಕನಾದವನು ಸುಮ್ಮನಿರುತ್ತಾನೆಯೇ? ಮೊದಲ ಮುಖಪುಟಕ್ಕೆ ಭುವನೇಶ್ವರಿ, ಎರಡು ಆನೆ, ನಾಲ್ಕು ನವಿಲು, ಕಮಲ, ಹೊಳೆ, ಹುಟ್ಟುವ ಸೂರ್ಯ, ಎಲ್ಲದರ ಸುತ್ತ ಬಳ್ಳಿ, ಬಳ್ಳಿಯ ಸಂದಿಯಲ್ಲಿ ಹೇಗೋ ತೂರಿಸಿದ ಪತ್ರಿಕೆಯ ಹೆಸರು! ಕೆಂಪು ಶಾಯಿ ಮುಗಿಯುವವರೆಗೂ ನಾನು ಕೈ ನಿಲ್ಲಿಸಲಿಲ್ಲ.

ಮಾವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲಿಂದಲೇ ಅದನ್ನು ನೋಡಿದ.

"ಲೇ ತಮ್ಮಾ, ಮೈ ತುಂಬ ಅಂಚಿನ ದಡೀನ ಐತಲ್ಲೋ! ಸೀರಿ ಎಲ್ಲೈತಿ?"

"ಮಾಮಾ, ಇದು ಪತ್ರಿಕಿ. ಸೀರಿ ಅಲ್ಲ."

"ಗೊತ್ತೈತಪಾ. ಆದ್ರ ನೋಡೂ ಕಣ್ಣ ಅವ ಅಲ್ಲೇನು? ಉಟ್ಟ ನೋಡದ ಹೆಂಗ ಹೇಳೂದು?"

ಇಷ್ಟೆಂದು ಅತ್ತೆಯನ್ನು ಕರೆದು, ನನ್ನ ಮುಖಪುಟವನ್ನು ಅವಳ ಹೆಗಲಿಗೆ ಸೂಜಿಯಿಂದ ಸಿಕ್ಕಿಸಿ, ಬಾವಿಯತನಕ ನಡೆದು ಬಾ ಎಂದ!

"ಪತ್ರಿಕಿ ಉಟಗೊಂಡ ನೀರಿಗೆ ಹೋಗಲೇನ್ರಿ?" ಎಂದು ಅತ್ತೆ ಗೊಣಗಿದಳಾದರೂ ಕೊಡ ಎತ್ತಿಕೊಂಡು ಹೊರಟಳು. ಬಾವಿಕಟ್ಟೆಯ ಮೇಲಿದ್ದ ನೆರೆಮನೆಯಾಕೆ ದೂರದಿಂದಲೇ ಕೂಗಿದಳು: "ಯವ್ವಾ, ಹೆಗಲಿಗೆ ಏನೋ ಚೆಲ್ಲೇತಿ ನೋಡ!"

ಮೂರು ರಾತ್ರಿಯ ನನ್ನ ಕಲೆ ಇಪ್ಪತ್ತು ಹೆಜ್ಜೆ ದೂರದಿಂದ ಬರೀ ಕಲೆಯಾಗಿ ಕಂಡಿತ್ತು. ಅಂದು ರಾತ್ರಿ ಸಿಟ್ಟಿನಿಂದ ಉಣ್ಣಲಿಲ್ಲ. ಆದರೆ ಮುಂದಿನ ತಿಂಗಳು ಸುತ್ತಲೂ ಮೂರು ಬೆರಳು ಬಿಟ್ಟೆ, ಒಂದೇ ಆನೆ ಬರೆದೆ, ಹೆಸರನ್ನು ದಪ್ಪಗೆ ಮೇಲೆ ಇಟ್ಟೆ. ಅತ್ತೆ ಮತ್ತೆ ಬಾವಿಗೆ ನಡೆದಳು. "ಆನಿ ಚಲೋ ಐತಿ" ಎಂಬ ಖಬರು ಬಂತು. ಅಲ್ಲಿಂದ ಮುಂದೆ ಪ್ರತಿ ತಿಂಗಳ ಮುಖಪುಟವೂ ಬಾವಿಕಟ್ಟೆಯಲ್ಲಿ ಪಾಸಾದ ಮೇಲೆಯೇ ಶಾಲೆಗೆ ಹೋಗುತ್ತಿತ್ತು.

ಹೀಗಿರುವಾಗ ಕನ್ನಡ ನಾಡೆಲ್ಲ ಒಂದಾಗುವ ನವೆಂಬರ್ ಬಂತು. ವಿಶೇಷಾಂಕ ತರಬೇಕು, ತಪ್ಪಿದರೆ ಸಂಪಾದಕನ ಕುರ್ಚಿ ಬೇರೆಯವನಿಗೆ ಎಂದು ಹೆಡ್‌ಮಾಸ್ತರರು ಎಚ್ಚರಿಸಿದ್ದರು. ಲೇಖನಗಳೇನೋ ರಾಶಿ ಬಂದವು. ನದಿಯಾಚೆಯ ಅಕ್ಕನ ಮನೆಗೆ ಹೋಗಲು ಇನ್ನು ರಾಜ್ಯ ದಾಟಬೇಕಿಲ್ಲ ಎಂದು ಸಿಂಗಟಾಲೂರಿನವನು ಬರೆದಿದ್ದ. ಆದರೆ ಮೊದಲ ಪುಟ ಯಾರದು? ಮುಂಡರಗಿಯವನು ತನ್ನದೆಂದ, ಶಿರಹಟ್ಟಿಯವನು ತನ್ನದೆಂದ, ಲಕ್ಷ್ಮೇಶ್ವರದವನು ಮಾತು ಬಿಟ್ಟು ಅಂಗಿಯ ತೋಳು ಮಡಚಿದ. ಏಕೀಕರಣದ ಸಂಚಿಕೆಗೇ ನಮ್ಮಲ್ಲಿ ಮೂರು ಹೋಳು! ಸಾಕಾಗಿ ನಲವತ್ತು ಬಿಡಿ ಪುಟಗಳನ್ನು ಮಾವನ ಮುಂದೆ ಹಾಕಿ, "ಹೆಂಗರ ಹೊಲದ ಕೊಡು ಮಾಮಾ" ಎಂದೆ.

"ಒಂದನೇದು ಯಾವ್ದು, ಕಡೀದು ಯಾವ್ದು ಅನ್ನೂ ಜಗಳ ಸೀರ್ಯಾಗ ಇಲ್ಲ ನೋಡು" ಎಂದು ನಕ್ಕ.

ಎರಡು ವಾರ ಕೇಳಿದಾಗಲೆಲ್ಲ "ನಾಳಿ" ಎಂದ. ಸಮಾರಂಭದ ಬೆಳಗ್ಗೆ ನನ್ನ ಕೈಗೆ ಕೊಟ್ಟದ್ದು ಪುಸ್ತಕವಲ್ಲ, ಮಡಿಕೆ ಹಾಕಿದ ಸೀರೆಯಂಥ ಒಂದು ಗಂಟು! ಪುಟದಷ್ಟೇ ಅಗಲದ, ಎರಡೂ ಕಡೆ ಸಣ್ಣ ಕೆಂಪು ದಡಿಯ ಬಿಳಿ ಬಟ್ಟೆಯನ್ನು ಹದಿನೆಂಟು ಮೊಳ ನೇಯ್ದು, ನಲವತ್ತು ಪುಟಗಳನ್ನೂ ಅದಕ್ಕೆ ಸಾಲಾಗಿ ಗಂಜಿ ಹಚ್ಚಿ ಅಂಟಿಸಿದ್ದ. "ಏನ್ ಮಾಡಿದ್ಯೋ ಮಾಮಾ, ನನ್ನ ಮರ್ಯಾದಿ ಹೋತು" ಎಂದು ಕೂಗಾಡಿದೆ. ಬೇರೆ ದಾರಿಯಿರಲಿಲ್ಲ, ಕಂಕುಳಲ್ಲಿ ಹಿಡಿದು ಓಡಿದೆ.

ಶಾಲೆಯ ಪಡಸಾಲೆಯಲ್ಲಿ ಕಂಬದಿಂದ ಕಂಬಕ್ಕೆ ಅದನ್ನು ಬಿಚ್ಚಿ ಕಟ್ಟಿದೆವು. ಆಮೇಲೆ ನಡೆದದ್ದು ನನಗೂ ನಂಬಲಾಗದ ಮಾತು. ಒಬ್ಬರ ಹೆಗಲ ಮೇಲೆ ಒಬ್ಬರು ಬೀಳುತ್ತಿದ್ದ ಹುಡುಗರೆಲ್ಲ ಏಕಕಾಲಕ್ಕೆ ಓದುತ್ತ ನಿಂತರು! ಕೆಲವರು ಮುಂಡರಗಿಯ ಕಡೆಯಿಂದ ಹೊರಟರೆ ಕೆಲವರು ಶಿರಹಟ್ಟಿಯ ಕಡೆಯಿಂದ ಬಂದು ನಡುವೆ ಕೂಡಿದರು. ಹೆಡ್‌ಮಾಸ್ತರರು ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದರು.

"ಯಾರದೋ ಈ ತಲಿ?"

"ನಂದ್ರೀ ಸರ್" ಎಂದುಬಿಟ್ಟೆ!

ಅವರು ನನ್ನ ಭುಜ ತಟ್ಟಿ ಮುಂದೆ ಹೋದರು. ತಿರುಗಿ ನೋಡಿದರೆ ಮಾವ ಬಂದಿದ್ದಾನೆ. ಒಗೆದ ಧೋತರ ಉಟ್ಟು, ಜನರಿಂದ ದೂರ, ಕೊನೆಯ ಕಂಬದ ಬಳಿ ನಿಂತು, ಗಂಜಿ ಬಿಟ್ಟಿದೆಯೇ ಎಂದು ಪುಟದ ಅಂಚುಗಳನ್ನು ಬೆರಳಿನಿಂದ ಮುಟ್ಟುತ್ತಿದ್ದ. ಮಾಸ್ತರರ ಪ್ರಶ್ನೆಯಾಗಲಿ ನನ್ನ ಉತ್ತರವಾಗಲಿ ಅವನಿಗೆ ಕೇಳಿಸಿರಲಿಲ್ಲ. ನನ್ನನ್ನು ಕಂಡು ಸಂಕೋಚದಿಂದ ಕೇಳಿದ.

"ತಮ್ಮಾ, ಇದರಾಗ ನನ್ನ ಹೆಸರ ಹಾಕೀಯೇನೋ?"

ಹಾಕಿರಲಿಲ್ಲ. ಕೊನೆಯ ಪುಟದಲ್ಲಿ ಸಂಪಾದಕನೆಂದು ನನ್ನ ಹೆಸರೊಂದೇ ಇತ್ತು. ನನ್ನ ಹೆಸರಿನ ಮೇಲೆಯೇ ಬೆರಳಿಟ್ಟು, "ಇಲ್ಲೈತಿ ನೋಡು ಮಾಮಾ, ಇದು ನಿಂದು" ಎಂದೆ.

ಮಾವ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಆ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದ. "ಭಾಳ ಚಂದ ಬರದೀಯಪಾ" ಎಂದ. ಆಮೇಲೆ ಮೇಲೆ ಕೆಳಗೆ ಹುಡುಕಿ, ಮುಖ ಸಣ್ಣದು ಮಾಡಿದ.

"ಮತ್ತ ನಿಂದೆಲ್ಲೈತೋ? ಇಷ್ಟೆಲ್ಲಾ ಬರದಾಂವ ನೀ, ನಿನ್ನ ಹೆಸರ ಹಾಕ್ಕೊಳ್ಳೋದ ಬಿಟ್ಟೀಯಲ್ಲೋ!"

ನನಗೆ ನಾಚಿಕೆಯಾಯಿತು, ಅಳು ಬಂತು. "ಮರತಿದ್ದೆ ಮಾಮಾ" ಎಂದು ಪೆನ್ನು ತೆಗೆದು, ನನ್ನ ಹೆಸರಿನ ಕೆಳಗೆ, ಆವರೆಗೆ ಎಂದೂ ಬರೆಯದಷ್ಟು ದುಂಡಗೆ, ಅವನ ಹೆಸರು ಬರೆದೆ.

"ಇದು ನಂದು" ಎಂದೆ.

ಮಾವ ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, "ಹಾಂ, ಈಗ ಆತು" ಎಂದ.